ಮಹಾರಾಣಿಯ ಡ್ರಾಯರಿನಲ್ಲಿ ನಮ್ಮಜ್ಜಿ

ವಸ್ತುಸಂಗ್ರಹಾಲಯದ ನಿರ್ದೇಶಕರೆಂಬ ಮಾನ್ಯರೇ,

ನಮ್ಮಜ್ಜಿ ನಾನೂರು ವರ್ಷಗಳ ಹಿಂದೆ ತೀರಿಕೊಂಡ ಮಹಾರಾಣಿಯಲ್ಲ. ಈ ಊರಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದಾದಿಯಾಗಿ ದುಡಿದವರು. ಇಷ್ಟನ್ನು ತಮ್ಮಂಥ ವಿದ್ವಾಂಸರಿಗೆ ಊರೆಲ್ಲ ಓದುವಂತೆ ಬರೆದು ತಿಳಿಸಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಗುತ್ತಿದೆ. ತಮಗೆ ಆಗುವ ಲಕ್ಷಣ ಕಾಣುತ್ತಿಲ್ಲ.

"ಒಂದು ಹೆಸರಿಗೆ ಒಂದೇ ಡ್ರಾಯರು" ಎಂದು ಹೋದ ವರ್ಷ ಆದೇಶ ಹೊರಡಿಸಿದಿರಿ. ಜಾಗ ಉಳಿಯಿತಂತೆ. ಆ ರಾಣಿ, ವ್ಯಾಪಾರಿಯೊಬ್ಬನ ವಿಧವೆಯಾಗಿ ಇನ್ನೂರು ವರ್ಷಗಳ ಹಿಂದೆ ಹೊಳೆಗೆ ಸೇತುವೆ ಕಟ್ಟಿಸಿದಾಕೆ, ನಮ್ಮಜ್ಜಿ, ಈ ಮೂವರ ಹೆಸರೂ ಒಂದೇ ಆದ್ದರಿಂದ ಮೂವರ ಕಾಗದಪತ್ರಗಳೂ ಒಂದೇ ಡ್ರಾಯರು ಸೇರಿದವು. ಅದನ್ನು ತೆರೆದು ತಮ್ಮ ಸಿಬ್ಬಂದಿ ಇತಿಹಾಸ ಬರೆದರು. ಈಗ ತಮ್ಮ ಗೋಡೆಯ ಮೇಲೆ ರಾಣಿಯವರು ಯುದ್ಧ ಗೆದ್ದು, ಸತ್ತು, ಆಮೇಲೆ ಸೇತುವೆ ಕಟ್ಟಿಸಿ, ಬಿಡುವು ಮಾಡಿಕೊಂಡು ಹೆರಿಗೆಗಳನ್ನೂ ಮಾಡಿಸಿದ್ದಾರೆ! "ಮುಪ್ಪಿನಲ್ಲಿ ಮಹಾರಾಣಿಯವರು" ಎಂಬ ಬರಹದ ಕೆಳಗೆ ತೂಗುಹಾಕಿರುವುದು ನಮ್ಮಜ್ಜಿಯ ಫೋಟೊ. ಕನ್ನಡಕ ಹಾಕಿ, ಎದೆಗೆ ಗಡಿಯಾರ ಸಿಕ್ಕಿಸಿಕೊಂಡ ರಾಣಿ! ನಾನೂರು ವರ್ಷಗಳ ಹಿಂದೆ ಕ್ಯಾಮೆರಾ ಹಿಡಿದು ನಿಂತವರು ಯಾರು ಸ್ವಾಮಿ, ತಮ್ಮ ಮುತ್ತಾತನೇ?

ನಗಬೇಡಿ. ನಮ್ಮಲ್ಲಿದ್ದ ಅಜ್ಜಿಯ ಫೋಟೊ ಅದೊಂದೇ. ಆಸ್ಪತ್ರೆಯ ಬಗೆಗಿನ ಪ್ರದರ್ಶನಕ್ಕೆ, ಬರೀ ಮೂರು ತಿಂಗಳಿಗೆಂದು, ತಮ್ಮವರೇ ಮನೆಗೆ ಬಂದು ಕೇಳಿ ಒಯ್ದದ್ದು. ನನ್ನ ತಾಯಿಗೆ ಎಂಬತ್ತೊಂದು ವರ್ಷ. ವರ್ಷ ತುಂಬುವುದರೊಳಗೆ ಕಣ್ಣು ಪೂರ್ತಿ ಹೋಗುತ್ತದೆಂದು ವೈದ್ಯರು ಹೇಳಿದ್ದಾರೆ. ಅದಕ್ಕೂ ಮೊದಲು ಹೆತ್ತಮ್ಮನ ಮುಖ ನೋಡಬೇಕೆಂದು ಹಟ ಹಿಡಿದರು, ಕರೆತಂದೆ. ಗೋಡೆಯ ಹತ್ತಿರ ಹೋದದ್ದೇ ತಡ, ಕಾವಲುಗಾರ ಓಡಿಬಂದ.

"ಅಜ್ಜೀ, ಹಗ್ಗ ದಾಟ್ಬೇಡಿ. ಮಹಾರಾಣಿಯವ್ರ ಫೋಟೊ ಅದು."

"ರಾಣಿ ಅಲ್ಲಪ್ಪ, ನಮ್ಮಮ್ಮ."

"ರಾಣಿ ಅಂದ್ಮೇಲೆ ಎಲ್ರಿಗೂ ಅಮ್ಮನೇ ಅಲ್ವಾ ಅಜ್ಜಿ," ಎಂದು ನಕ್ಕ.

ಆತನನ್ನು ದೂರುವುದಿಲ್ಲ, ಗೋಡೆಯ ಮೇಲೆ ಇದ್ದದ್ದನ್ನು ನಂಬಿದ ಅಷ್ಟೆ. ಮರುದಿನವೇ ತಮಗೆ ದೂರು ಬರೆದು ಸಹಿ ಹಾಕಿದೆ. ನನಗೂ ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ಎರಡು ತಿಂಗಳು ಕಾದು ಕಚೇರಿಗೆ ಹೋದರೆ ಗುಮಾಸ್ತರು, "ಅದಾ ಮೇಡಂ? ಡ್ರಾಯರಿಗೆ ಹಾಕಿದೀವಲ್ಲ. ನಾವು ಹೆಸ್ರು ನೋಡಿ ಹಾಕೋದು," ಎಂದರು. ತೆಗೆಸಿ ನೋಡಿದೆ. ನನ್ನ ಬಾಲ್‌ಪೆನ್ನಿನ ದೂರಿನ ನೆತ್ತಿಯ ಮೇಲೆ ಮೊಹರು: "ಮಹಾರಾಣಿಯವರ ಸ್ವಹಸ್ತಾಕ್ಷರ". ಗಾಜಿನ ಪೆಟ್ಟಿಗೆಯೊಳಗೆ ಇಡುವುದೊಂದೇ ಬಾಕಿ! ಸಂಬಳ ಎಣಿಸಿಕೊಳ್ಳುವ ಇಷ್ಟು ಕೈಗಳ ನಡುವೆ ಒಂದು ಹಾಳೆ ಓದುವ ಒಂದು ಜೊತೆ ಕಣ್ಣಿಲ್ಲವೇ? ಹೇಸಿಗೆಯಾಗುತ್ತದೆ.

ತಮ್ಮ ಕ್ಷಮಾಪಣೆ ಬೇಡ, ತನಿಖಾ ಸಮಿತಿಯೂ ಬೇಡ. ರಾಣಿಯ ಕಿರೀಟ ರಾಣಿಗಿರಲಿ, ಸೇತುವೆ ಆ ವಿಧವೆಗೆ ಸಲ್ಲಲಿ. ಈ ವಾರದೊಳಗೆ ಫೋಟೊ ಇಳಿಸಿ ನನ್ನ ತಾಯಿಯ ಕೈಗೆ ಕೊಡಿ. ಅವರಿಗೆ ಈಗ ಎಡಗಣ್ಣೊಂದರಲ್ಲಿ, ಗೇಣು ದೂರದಲ್ಲಿ ಹಿಡಿದರೆ ಮಾತ್ರ ಮುಖ ಕಾಣುತ್ತದೆ. ತಾವು ಕಟ್ಟಿರುವ ಹಗ್ಗ ಗೋಡೆಯಿಂದ ಐದಡಿ ದೂರದಲ್ಲಿದೆ.

ಇಂತಿ,
ಸಹಿ ಹಾಕಿದರೆ ಇದೂ ಡ್ರಾಯರು ಸೇರೀತೆಂದು ಹೆಸರು ಬರೆಯಲು ಹೆದರಿರುವ
ದಾದಿಯ ಮೊಮ್ಮಗಳು