ವಿಭೂತಿ ಹಚ್ಚಿದ ಶಾಫ್ಟ್

ಫೆ. 3, ಸೋಮವಾರ

ಇವತ್ತೂ ನಲವತ್ತು ಪೀಸ್ ಅಳೆದೆ. ಮೂರು ರಿಜೆಕ್ಟ್. ಎಂಜಿನ್ ಪಾರ್ಟ್ ಆರ್ಡರ್ ಮತ್ತೆ ಕಡಿಮೆ — ಕಾರ್ ಕಂಪನಿಗಳಿಗೆಲ್ಲ ಎಲೆಕ್ಟ್ರಿಕ್ ಹುಚ್ಚು. ನಮ್ಮ ವರ್ಕ್‌ಶಾಪೂ ಅದೇ ಕೆಲಸ ಹಿಡಿದಿದೆ; ಶೆಡ್ಡಿನ ನಡುವೆ ಈಗ ನೀಲಿ ಪರದೆ. ಆಚೆ ಒಂದು ಕಂಪನಿಯ ಮೋಟರ್ ಶಾಫ್ಟ್, ಈಚೆ ಅದರ ವೈರಿ ಕಂಪನಿಯದು. ಒಬ್ಬರದು ಇನ್ನೊಬ್ಬರಿಗೆ ಕಾಣಬಾರದಂತೆ. ಸವತಿಯರ ಜಗಳ. ಎರಡೂ ಕಡೆ ಬೆವರು ಸುರಿಸುವವರು ನಾವೇ.

ಫೆ. 4, ಸಂಜೆ

ಆಚೆ ಲೈನಿನ ಫಸ್ಟ್ ಪೀಸ್ ಬಂತು. ಅಳೆದೆ, ಓಕೆ. ಮಿಷನ್ ಸೆಟ್ ಮಾಡಿದ್ದು ರೇವಣಸಿದ್ದಣ್ಣ. ಅಫಜಲಪುರದ ಕಡೆಯವರು, ಹತ್ತೊಂಬತ್ತು ವರ್ಷದಿಂದ ಇಲ್ಲೇ. ಮಾಲೀಕ ಶ್ಯಾಮಣ್ಣನೇ ಅವರಿಗೆ ಕೂಗಿದ:

"ಏನಯ್ಯ ನೋಡ್ತಾ ನಿಂತಿದ್ದೀಯ? ದೇವರ ಮುಂದೆ ಇಡು!"

ಯಾವ ಹೊಸ ಕೆಲಸಕ್ಕೂ ಇದೇ ಪದ್ಧತಿ. ರೇವಣಸಿದ್ದಣ್ಣ ಶಾಫ್ಟಿಗೆ ವಿಭೂತಿ ಹಚ್ಚಿ ಇಟ್ಟರು. ಮಂಗಳಾರತಿ ಎತ್ತಿದ್ದು ಶ್ಯಾಮಣ್ಣ. ನಾನೂ ಕೈಮುಗಿದೆ.

ಫೆ. 6

ಥೂ! ದೇವರ ಗೂಡು ಇರುವುದು ಬಾಗಿಲ ಪಕ್ಕ, ಪರದೆಯ ಈಚೆ. ಆಚೆಯವರ ಶಾಫ್ಟ್ ಈಚೆ ಕೂತಿದೆ ಅಂತ ಎರಡು ದಿನ ಯಾರಿಗೂ ಹೊಳೆಯಲಿಲ್ಲ. ಇವತ್ತು ಈಚೆ ಕಂಪನಿಯ ಆಡಿಟರ್ ಬಂದ. ಶೂ ಬಿಚ್ಚಿ ಕೈಮುಗಿದವನು ಹಾಗೇ ಶಾಫ್ಟ್ ಎತ್ತಿಕೊಂಡ. ವಿಭೂತಿ ಒರೆಸಿ ನಾಲ್ಕು ಫೋಟೋ ಹೊಡೆದ. ಆಮೇಲೆ ನಮಗೆ ಪಾಠ!

"ಅವರದ್ದು ಹೀಗೆ ಬಯಲಲ್ಲಿ ಇಡ್ತೀರಿ. ನಮ್ಮದೂ ಹೀಗೇ ತಾನೆ?"

ಆರ್ಡರ್ ನಿಲ್ಲಿಸಿದ. ತಪ್ಪು ಯಾರದೆಂದು ರಿಪೋರ್ಟ್ ಕೊಡಬೇಕಂತೆ, ಅವನನ್ನು ಕೆಲಸದಿಂದ ತೆಗೆಯಬೇಕಂತೆ. ಕದ್ದು ಫೋಟೋ ಹೊಡೆದವನು ಸಾಚಾ.

ಫೆ. 10

ಶ್ಯಾಮಣ್ಣ ಕರೆದ. "ಸವಿತಾ, ರೇವಣಸಿದ್ದ ಯಾರ್ನೂ ಕೇಳ್ದೆ ಇಟ್ಟ ಅಂತ ಬರಿ. ಮೂವತ್ತು ಜನರ ಹೊಟ್ಟೆ ಪ್ರಶ್ನೆ ಕಣಮ್ಮ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರೇವಣಸಿದ್ದಣ್ಣನ ಹತ್ತಿರ ಹೋದೆ. ಮಿಷನ್ ಒರೆಸುತ್ತಿದ್ದರು.

"ಬರಿ ತಂಗಿ. ನಿನ್ನ ನೌಕರಿನೂ ಹೋದ್ರ ಏನ್ ಬಂತು?"

ಮೈಯೆಲ್ಲ ಉರಿಯಿತು. ನನ್ನನ್ನು ಬೈದಿದ್ದರೂ ಚೆನ್ನಾಗಿತ್ತು.

ಫೆ. 11, ಬೆಳಿಗ್ಗೆ 9.40

ಇನ್‌ಸ್ಪೆಕ್ಷನ್ ಟೇಬಲ್. ಎದುರಿಗೆ ಆ ರಿಪೋರ್ಟಿನ ಫಾರ್ಮ್. 'ತಪ್ಪು ಮಾಡಿದವರು' — ಒಂದೇ ಹೆಸರಿಗೆ ಜಾಗ. ಸ್ಕೇಲ್ ಇಟ್ಟು ಇನ್ನೂ ಮೂರು ಗೆರೆ ಎಳೆದೆ. ಇಟ್ಟವರು: ರೇವಣಸಿದ್ದ. ಇಡಲು ಹೇಳಿ ಮಂಗಳಾರತಿ ಎತ್ತಿದವರು: ಶ್ಯಾಮಣ್ಣ. ನೋಡಿಯೂ ಕೈಮುಗಿದವರು: ಸವಿತಾ. ಫೋಟೋ ಹೊಡೆದವರು: ಆಡಿಟರ್ ಸಾಹೇಬರು.

ಹೆದರಿಕೆ ಇದೆ, ಸುಳ್ಳೇಕೆ. ಗಾಜಿನಾಚೆ ಶ್ಯಾಮಣ್ಣ ಎದ್ದ. ಇತ್ತಲೇ ಬರುತ್ತಿದ್ದಾನೆ. ಬರಲಿ. ಮೊದಲು ಸಹಿ ಹಾಕಿ—