ಹಕ್ಕಿಗೆ ಎಣಿಕೆ ಬರುವುದಿಲ್ಲ

ಕನಮಡಿ
೧೪ ಡಿಸೆಂಬರ್ ೨೦೨೫

ಚೇತನಕುಮಾರರಿಗೆ ವಿದ್ಯಾವತಿಯ ನಮಸ್ಕಾರಗಳು.

ನಾನು ಇಲ್ಲಿ ಲಕ್ಕವ್ವ ಚಿಗವ್ವನ ಮನೆಯಲ್ಲಿ ಚೆನ್ನಾಗಿದ್ದೇನೆ. ನೀವೂ ನಿಮ್ಮ ಕ್ಯಾಮೆರಾವೂ ಚೆನ್ನಾಗಿದ್ದೀರಿ ಎಂದು ನಿಮ್ಮ ಗೆಳೆಯ ಸೈಫುದ್ದೀನ ಹೇಳಿದ. ಅವನ ಕೈಯಲ್ಲಿ ನೀವು ಹೇಳಿಕಳಿಸಿದ ಮಾತಿಗೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮದುವೆಯ ದಿನಗಳು. ಹೊಲಿಗೆ ಮಿಷನ್ನಿನ ಪಕ್ಕದ ಕುಪ್ಪಸದ ರಾಶಿ ಇಳಿಯುವುದೇ ಇಲ್ಲ. ಗಡಿಯಾಚೆಯ ಹೆಂಗಸರೂ ಬರುತ್ತಾರೆ, ಮರಾಠಿಯಲ್ಲಿ ಅಳತೆ ಕೊಟ್ಟು ಕನ್ನಡದಲ್ಲಿ ಜಗಳ ತೆಗೆಯುತ್ತಾರೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಯಾವಾಗಲೂ ಪಿಸುಗುಡುತ್ತೀರಿ. "ಹಕ್ಕಿ ಕುಂತೈತಿ, ಆಮ್ಯಾಲೆ ಮಾತಾಡೂಣು" ಅನ್ನುತ್ತೀರಿ. ಕಾಗದವಾದರೆ ಹಕ್ಕಿ ಎದ್ದು ಹೋದ ಮೇಲೆ ಓದಬಹುದು.

ಸೈಫುದ್ದೀನ ಜೀಪು ತಂದು ಬಾಗಿಲಿಗೇ ನಿಲ್ಲಿಸಿದ್ದ. ಒಳಗೆ ಬಾ ಎಂದರೂ ಬರದೆ ಅಂಗಳದಲ್ಲೇ ನಿಂತು, "ವೈನಿ, ಮಮದಾಪುರ ಕೆರಿಗೆ ಹೆಬ್ಬಾತು ಬಂದಾವ್ರಿ. ಮರಿಯಿಂದ ಎದ್ದು ಹೋಗಾಕ ಯಾರೂ ಇಲ್ಲಂತ. ನೀವ ಬರಬೇಕಂತ ಹೇಳ್ಯಾನ" ಎಂದ. ಚಿಗವ್ವ ಒಲೆಯ ಮುಂದಿನಿಂದ ಗಾಬರಿಯಾಗಿ ಎದ್ದು ಬಂದಳು. "ಯಾವ ಮರಿ ಬೇ? ಎಲ್ಲಿ ಹೋಗೂದು?" ಎಂದು ನನ್ನ ಮುಖ ನೋಡಿದಳು. ನಮ್ಮ ಬಾಯಲ್ಲಿ ಮನೆ ಮನಿಯಾದ ಹಾಗೆ ಮರೆಯೂ ಮರಿಯಾಗಿಬಿಡುತ್ತದಲ್ಲ. ಅವಳಿಗೆ ನಿಮ್ಮ ಕಸುಬನ್ನೆಲ್ಲ ಬಿಡಿಸಿ ಹೇಳಬೇಕಾಯಿತು.

ಕೆರೆಯ ದಂಡೆಯಲ್ಲಿ ಜೋಳದ ದಂಟು ನಿಲ್ಲಿಸಿ, ಗೋಣಿತಟ್ಟು ಹೊದಿಸಿ ಮರೆ ಕಟ್ಟುತ್ತಾರೆ, ಅದರೊಳಗೆ ಕೂತು ಫೋಟೋ ತೆಗೆಯಬೇಕು ಎಂದೆ. ಒಬ್ಬರೇ ಹೋಗಿ ಕೂತರೆ ಹಕ್ಕಿ ನೋಡಿರುತ್ತದೆ, ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಇಬ್ಬರು ಒಳಗೆ ಹೋಗಬೇಕು, ಒಬ್ಬರು ಎದ್ದು ಹಕ್ಕಿಗಳಿಗೆಲ್ಲ ಕಾಣುವ ಹಾಗೆ ದೂರ ನಡೆದುಬಿಡಬೇಕು. ಹಕ್ಕಿಗೆ ಎಣಿಕೆ ಬರುವುದಿಲ್ಲ. ಬಂದವರು ಹೋದರು ಎಂದು ನಂಬಿ ನೀರಿಗಿಳಿಯುತ್ತದೆ. ಇಷ್ಟು ಕೇಳಿ ಚಿಗವ್ವ, "ಹಂಗಾರ ನಿಂದು ಹೋಗೂ ಕೆಲಸ ಅನ್ನು" ಎಂದಳು. ಸೈಫುದ್ದೀನ ನಕ್ಕ, ನಾನೂ ನಕ್ಕೆ.

ಆ ಕೆಲಸವನ್ನು ನಾನು ಇಷ್ಟಪಟ್ಟೇ ಮಾಡಿದೆ, ಅದನ್ನು ಇಲ್ಲವೆನ್ನಲಾರೆ. ನೀವು ಊರೂರಿನ ಸಾಲೆಗಳಲ್ಲಿ ಗೋಡೆಗೆ ಚಿತ್ರ ಬಿಟ್ಟು ಕಥೆ ಹೇಳುವಾಗ ನಾನು ಹಿಂದೆ ಕೂತು ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಿದ್ದೆ. "ಹೆಬ್ಬಾತು ಹಿಮಾಲಯ ದಾಟಿ ಬರತಾವು. ಜೋಡಿಯೊಳಗ ಒಂದು ಹಿಂದ ಬಿದ್ರ ಇನ್ನೊಂದು ತಡೀತೈತಿ, ಬಿಟ್ಟ ಹೋಗೂದಿಲ್ಲ" ಎಂದು ನೀವು ಹೇಳಿದಾಗ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದವು. ನಾನೂ ಕೇಳುತ್ತಿದ್ದೆ. ನೀವು ಕಛ್, ಲಡಾಖ್ ಎಂದು ತಿಂಗಳುಗಟ್ಟಲೆ ಹೋದಾಗ ನಮ್ಮ ಇಬ್ರಾಹಿಂಪುರದ ಮನೆಯಲ್ಲಿ ರೈಲಿನ ಸದ್ದು ಕೇಳುತ್ತ ಆ ಕಥೆಯನ್ನು ನನಗೆ ನಾನೇ ಹೇಳಿಕೊಂಡದ್ದೂ ಉಂಟು.

ಇಲ್ಲಿಯ ಸುದ್ದಿ ಏನು ಬರೆಯಲಿ. ಟಿಕೋಟಾ ರಸ್ತೆಯಲ್ಲಿ ನಾವು ಚಿಗರಿ ನೋಡಲು ಹೋಗುತ್ತಿದ್ದ ಹುಲ್ಲಿನ ಮಾಳ ಈಗ ಪೂರ್ತಿ ದ್ರಾಕ್ಷಿ ತೋಟ. ಜನರಿಗೆ ನೀರು ಬಂತು, ಅವರಿಗೆ ಏನೆನ್ನೋಣ. ಚಿಗರಿ ಎಲ್ಲಿ ಹೋದವು ಎಂದು ಬಸ್ಸಿನಲ್ಲಿ ಒಬ್ಬ ಅಜ್ಜನನ್ನು ಕೇಳಿದರೆ, "ಯಾವ ಚಿಗರಿ?" ಎಂದ. ನಿಮ್ಮ ಚಿತ್ರಗಳಲ್ಲಿ ಮಾತ್ರ ಇನ್ನೂ ಓಡುತ್ತಿವೆ.

ವಿಜಯಪುರಕ್ಕೆ ಅಸ್ತರ್ ಬಟ್ಟೆ ತರಲು ಹೋಗಿದ್ದೆ. ಸಿದ್ಧೇಶ್ವರ ಗುಡಿ ಹತ್ತಿರದ ಅಂಗಡಿಯವರು ಬರುವ ವರ್ಷದ ಕ್ಯಾಲೆಂಡರಿಗೆ ನಿಮ್ಮ ಹೆಬ್ಬಾತಿನ ಫೋಟೋ ಹಾಕಿದ್ದಾರೆ, ನನಗೂ ಒಂದು ಕೊಟ್ಟರು. ಚಿಗವ್ವ ಅದನ್ನು ಮಿಷನ್ನಿನ ಎದುರಿನ ಗೋಡೆಗೇ ತೂಗುಹಾಕಿದ್ದಾಳೆ. ಮಂಜು, ನೀರು, ಎರಡು ಹಕ್ಕಿ. ಬಹಳ ಚೆನ್ನಾಗಿ ಬಂದಿದೆ. ಅದು ಯಾವ ಮುಂಜಾನೆಯ ಫೋಟೋ ಎಂದು ನಾನು ಅವಳಿಗೆ ಹೇಳಿಲ್ಲ.

ಹೋದ ವರ್ಷ ಇದೇ ಚಳಿಯಲ್ಲಿ ಮರೆಯೊಳಗೆ ಕೂತು "ಒಂದ್ ಮಾತ ಹೇಳೂದೈತ್ರಿ" ಎಂದಿದ್ದೆ, ನೆನಪಿದೆಯೇ? ನೀವು ಲೆನ್ಸ್ ಜೋಡಿಸುತ್ತಿದ್ದಿರಿ. "ಈಗ ಬ್ಯಾಡ, ಬೆಳಕ ಬಂತು. ನೀ ನಡಿ. ಹಿಂದ ತಿರುಗಿ ನೋಡಬ್ಯಾಡ" ಎಂದಿರಿ. ಯಾವಾಗಲೂ "ಬರ್ತೀನ್ರಿ" ಎಂದು ಏಳುತ್ತಿದ್ದವಳ ಬಾಯಿಗೆ ಅಂದು "ಹೋಗ್ತೀನ್ರಿ" ಎಂದು ಬಂತು. ನೀವು ಹ್ಞೂಂ ಎಂದಿರಿ. ದೂರದ ಬೇವಿನ ಗಿಡದ ಕೆಳಗೆ ಕಾಯುವ ಬದಲು ನಾನು ಬಬಲೇಶ್ವರದ ಬಸ್ಸು ಹತ್ತಿದೆ. ಸಂಜೆಯ ತನಕ ನಿಮಗೆ ಗೊತ್ತೇ ಆಗಲಿಲ್ಲವಂತೆ. ಎದ್ದು ಹೋಗುವುದೇ ನನ್ನ ಕೆಲಸವಾಗಿದ್ದಾಗ, ನಿಜವಾಗಿ ಹೋದದ್ದು ಯಾವುದೆಂದು ನಿಮಗಾದರೂ ಹೇಗೆ ತಿಳಿಯಬೇಕು. ಯುಗಾದಿಗೆ ಫೋನ್ ಮಾಡಿ "ಸಿಟ್ಟ ಇಳದ ಮ್ಯಾಲೆ ಬಾ" ಎಂದಿರಿ. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಇಳಿಯುತ್ತಿತ್ತು.

ನಾನು ಬರುವುದಿಲ್ಲ. ಎದ್ದು ಹೋಗಲಿಕ್ಕೆಂದು ಕರೆದರೆ ಹೇಗೆ ಬರಬೇಕೋ ನನಗೆ ತಿಳಿಯದು. ಸೈಫುದ್ದೀನನನ್ನೇ ಕರೆದುಕೊಂಡು ಹೋಗಿ. ಬಿಳಿ ಅಂಗಿ ಬೇಡ ಎಂದು ಹೇಳಿ. ಬೇವಿನ ಗಿಡದ ತನಕ ನಿಧಾನವಾಗಿ ನಡೆಯಬೇಕು, ಅವಸರ ಮಾಡಿದರೆ ಹಕ್ಕಿಗಳು ಎದ್ದುಬಿಡುತ್ತವೆ. ನಿಮ್ಮ ಮಫ್ಲರ್ ಕಬ್ಬಿಣದ ಟ್ರಂಕಿನಲ್ಲಿದೆ. ಅದು ಕಿವಿಗೆ ಕಟ್ಟಿಕೊಳ್ಳಲು, ಲೆನ್ಸ್ ಒರೆಸಲು ಅಲ್ಲ.

ಸಿದ್ಧೇಶ್ವರ ನಿಮ್ಮ ಕಣ್ಣು ಚೆನ್ನಾಗಿಟ್ಟಿರಲಿ. ಈ ಸಲವೂ ಒಳ್ಳೆಯ ಬೆಳಕು ಸಿಗಲಿ.

ಇಂತಿ,
ವಿದ್ಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಆ ದಿನ ನಾನು ತಿರುಗಿ ನೋಡಿದ್ದೆ. ದಂಟಿನ ಸಂದಿಯಿಂದ ನಿಮ್ಮ ಕೈ ಹೊರಗೆ ಬಂತು. ಕರೆಯುತ್ತಿದ್ದೀರಿ ಎಂದುಕೊಂಡು ಸ್ವಲ್ಪ ಹಿಂದಕ್ಕೂ ಬಂದೆ. ಆಮೇಲೆ ತಿಳಿಯಿತು, ಹೋಗು ಹೋಗು ಎಂದು ಬೀಸುತ್ತಿತ್ತು. ನಾನು ಹೇಳಬೇಕಾಗಿದ್ದ ಮಾತು ಇಷ್ಟೇ: ಇಷ್ಟು ವರ್ಷದ ಮೇಲೆ ನನಗೆ ತಿಂಗಳು ನಿಂತಿತ್ತು. ಡಾಕ್ಟರ್‌ಬಾಯಿಯವರು ಹಿಂದಿನ ದಿನವೇ ಹೌದು ಎಂದಿದ್ದರು. ನಿಮ್ಮ ಕೆರೆಯ ದಂಡೆಯಲ್ಲೇ ಹೇಳೋಣವೆಂದು ತಡೆದುಕೊಂಡಿದ್ದೆ. ಶಿವರಾತ್ರಿಗೆ ಮುಂಚೆ, ಈ ಮನೆಯಲ್ಲಿ, ಅದು ಹೋಯಿತು. ಚಿಗವ್ವನಿಗೆ ಮಾತ್ರ ಗೊತ್ತು. ಹಕ್ಕಿಗೆ ಎಣಿಕೆ ಬರುವುದಿಲ್ಲ, ಅದರ ತಪ್ಪಿಲ್ಲ. ಅಂದು ಮರೆಯೊಳಗೆ ನಾವು ಇಬ್ಬರಿರಲಿಲ್ಲ, ಮೂವರಿದ್ದೆವು.