ಬೆಟ್ಟದ ಹಿಂದೆ ಸುರಿದದ್ದು ಮಳೆಯಲ್ಲವೇ?

ಮಾನ್ಯರೇ, ಹವಾಮಾನ ರೇಡಾರ್ ಕೇಂದ್ರದ ಮುಖ್ಯಸ್ಥರಾದ ತಾವು ನಿನ್ನೆ ಫೋನಿನಲ್ಲಿ "ನಿಮ್ಮ ಕಣಿವೆಯಲ್ಲಿ ಮಳೆಯೇ ದಾಖಲಾಗಿಲ್ಲವಲ್ಲ" ಎಂದಿರಿ; ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಯಿತು. ಮಾತು ಅರ್ಧಕ್ಕೆ ನಿಂತರೆ ನನಗೆ ಅನ್ನ ಸೇರುವುದಿಲ್ಲ. ಉಳಿದರ್ಧವನ್ನು ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ ಹೇಳುತ್ತೇನೆ.

ತಮ್ಮ ರೇಡಾರ್ ಬೆಟ್ಟದ ಆ ಮಗ್ಗುಲಲ್ಲಿದೆ, ನಾವು ಈ ಮಗ್ಗುಲಲ್ಲಿ. ಅದರ ಕಿರಣ ನೆಟ್ಟಗೆ ಬಂದರೆ ಬೆಟ್ಟಕ್ಕೆ ಹಣೆ ಚಚ್ಚಿಕೊಳ್ಳುತ್ತದೆ. ಎತ್ತಿ ಬಿಟ್ಟರೆ ನಮ್ಮ ತಗ್ಗು ಮೋಡಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ. ಯಂತ್ರದ ತಪ್ಪಿಲ್ಲ. ಬೆಟ್ಟದ ತಪ್ಪಂತೂ ಇಲ್ಲವೇ ಇಲ್ಲ. ಅದು ತಮಗಿಂತ ಸೀನಿಯರ್. ಆದರೆ ಕಾಣದ ಜಾಗಕ್ಕೆ ನಕ್ಷೆಯಲ್ಲಿ ‘ಮಳೆಯಿಲ್ಲ’ ಎಂಬ ಬಿಳಿ ಬಣ್ಣ ಬಳಿದವರು ಯಾರು? ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು, "ಸೀಯಿಂಗ್ ಈಸ್ ಬಿಲೀವಿಂಗ್, ಬಟ್ ನಾಟ್ ಸೀಯಿಂಗ್ ಈಸ್..." ಎನ್ನುತ್ತಿದ್ದರು. ಕಂಡದ್ದೇ ನಂಬಿಕೆ, ಆದರೆ ಕಾಣದಿರುವುದು... ಮುಂದಿನದು ಮರೆತಿದೆ. ಇಂಥವನ್ನು ನನ್ನವಳು ಮುಗಿಸಿಕೊಡುತ್ತಿದ್ದಳು. ಅವಳು ಹೋದ ಮೇಲೆ ನನ್ನ ಇಂಗ್ಲಿಷೆಲ್ಲ ಹೀಗೇ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ನಮ್ಮ ಹಳ್ಳದ ಮುಳುಗು ಸೇತುವೆಗೆ ಗೇಟು ಇದೆ. ಜೋರು ಮಳೆಯೆಂದು ತಮ್ಮ ನಕ್ಷೆ ಕೆಂಪಾದರೆ ಮಾತ್ರ ಅದನ್ನು ಹಾಕಬೇಕೆಂದು ಆದೇಶ. ನನ್ನ ಮಗಳು ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ದಿನವೂ ಅದೇ ದಾರಿ. ಮೊನ್ನೆ ಧೋ ಎಂದು ಸುರಿಯುವಾಗ ನಾನು ಓಡಿಹೋಗಿ, "ಗೇಟು ಹಾಕಪ್ಪಾ" ಎಂದು ಕಾವಲುಗಾರನಿಗೆ ಗೋಗರೆದೆ. ಅವನು ಅಂಗಿ ಹಿಂಡಿಕೊಳ್ಳುತ್ತ ಫೋನಿನಲ್ಲಿ ತಮ್ಮ ನಕ್ಷೆ ತೋರಿಸಿದ.

"ನೋಡಿ ಯಜಮಾನ್ರೇ, ಬಿಳೀನೇ ಇದೆ. ನಾನೇನ್ ಮಾಡ್ಲಿ?"

"ಮತ್ತೆ ನೀನ್ಯಾಕೋ ನೆಂದಿದ್ದೀಯ?"

"ಅದು ನನ್ನ ಸ್ವಂತ ವಿಷ್ಯ. ಆಫೀಸಿಗೆ ಸಂಬಂಧ ಇಲ್ಲ."

ಅಷ್ಟರಲ್ಲಿ ಮಗಳ ಸ್ಕೂಟರ್ ಸೇತುವೆಯ ನಡುವಿಗೆ ಬಂದಿತ್ತು. ರಾಡಿ ನೀರು ಚಕ್ರ ಮುಚ್ಚಿತು. ಸ್ಕೂಟರ್ ಹಳ್ಳದ ಪಾಲಾಯಿತು. ಅವಳು ಕಂಬಿ ಹಿಡಿದು ದಡ ಸೇರಿದಳು. "ಅಳ್ಬೇಡಪ್ಪಾ, ರೇಡಾರ್ ಪ್ರಕಾರ ನಾನಿನ್ನೂ ಒಣಗೇ ಇದ್ದೀನಿ" ಎಂದು ನನ್ನನ್ನೇ ನಗಿಸಿದಳು.

ತಾವು ಬೆಟ್ಟ ಕಡಿಯಬೇಕಿಲ್ಲ. ನಮ್ಮ ಕಣಿವೆಗೆ ಬೂದು ಬಣ್ಣ ಬಳಿದು, ‘ಇಲ್ಲಿ ನಮಗೆ ಕಾಣುವುದಿಲ್ಲ’ ಎಂದು ಬರೆಸಿ. ಬೂದು ಇರುವಲ್ಲಿ ಕಾವಲುಗಾರ ಹಳ್ಳವನ್ನೇ ನೋಡಿ ಗೇಟು ಹಾಕಲಿ. ‘ಗೊತ್ತಿಲ್ಲ’ ಎಂದ ಮಾತ್ರಕ್ಕೆ ಯಾವ ಕುರ್ಚಿಯ ಕಾಲೂ ಮುರಿದಿಲ್ಲ, ಸ್ವಾಮಿ.

ಹೇಳುವುದು ಇನ್ನೂ ಇತ್ತು. ಅಕ್ಷರ ಮಸುಕಾಗುತ್ತಿದೆ, ಬೆಳಕು ಇಳಿಯಿತು. ಹನಿಯೂ ಶುರುವಾಗಿದೆ. ಮಗಳು ಈಗ ನಡೆದೇ ದಾಟುತ್ತಾಳೆ. ಟಾರ್ಚು ಬೀಸಿ ಅವಳನ್ನು ಆಚೆ ದಡದಲ್ಲೇ ನಿಲ್ಲಿಸಬೇಕು. ಹೊರಟೆ.

ಇಂತಿ,
ಸದ್ಯಕ್ಕೆ ಗೇಟಿನ ಕೆಲಸ ನೋಡಿಕೊಳ್ಳುತ್ತಿರುವ ಒಬ್ಬ ಅಪ್ಪ